ಒಂದೇ ದ್ರಾಕ್ಷಿ ಅನ್ನೋ ನಿಯಮ: 2008ರ ಬ್ರುನೆಲ್ಲೊ ಪ್ರಕರಣ

2008ರ ಮಾರ್ಚ್ ಕೊನೆಲಿ, ಇಟಲಿಯ ವೆರೋನಾದ ವಿನಿಟಲಿ ಅನ್ನೋ ದೊಡ್ಡ ವೈನ್ ಮೇಳಕ್ಕೆ ಇನ್ನು ಕೆಲವೇ ದಿನ ಇದ್ದಾಗ ಒಂದು ಸುದ್ದಿ ಹೊರಗೆ ಬಿತ್ತು. ಬ್ರುನೆಲ್ಲೊ ದಿ ಮೊಂತಾಲ್ಚಿನೊ ಮಾಡೋ ಕೆಲವು ದೊಡ್ಡ ವೈನರಿಗಳ ಮೇಲೆ ಸಿಯೆನಾದ ಸರ್ಕಾರಿ ಪ್ರಾಸಿಕ್ಯೂಟರ್ ತನಿಖೆ ನಡೆಸ್ತಿದಾರೆ, ಒಂದೇ ತಳಿ ದ್ರಾಕ್ಷಿಯಿಂದ ಮಾಡ್ಬೇಕಾದ ವೈನಿಗೆ ಬೇರೆ ತಳಿನೂ ಸೇರಿಸಿದಾರೆ ಅನ್ನೋದು ಆರೋಪ, 2003ರ ಕೊಯ್ಲಿನ ವೈನು ಮಾರಾಟಕ್ಕೆ ಹೋಗೋ ಮುಂಚೆನೇ ಗೋಡೌನಲ್ಲಿ ಸೀಲ್ ಆಗಿದೆ ಅಂತ. ಇಟಲಿಯ ಅತಿ ದುಬಾರಿ, ಅತಿ ಗೌರವದ ಕೆಂಪು ವೈನ್‌ಗಳಲ್ಲಿ ಇದೂ ಒಂದು, ಹಾಗಾಗಿ ಮೇಳದಲ್ಲಿ ಬೇರೆ ಮಾತೇ ಇರ್ಲಿಲ್ಲ.

ಇದು ವಿಷ ಬೆರೆಸಿದ ಕೇಸ್ ಅಲ್ಲ ಅನ್ನೋದನ್ನ ಮೊದಲೇ ಹೇಳ್ಬಿಡ್ಬೇಕು. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಲೆಸ್ಪ್ರೆಸ್ಸೊ ಅನ್ನೋ ಇಟಲಿಯ ವಾರಪತ್ರಿಕೆ ಅಗ್ಗದ ವೈನಿಗೆ ಕೆಮಿಕಲ್ ಕಲಬೆರಕೆ ಮಾಡೋರ ಬಗ್ಗೆ ದೊಡ್ಡ ವರದಿ ಹಾಕಿತ್ತು, ಹೊರದೇಶದ ಪೇಪರುಗಳು ಎರಡನ್ನೂ ಒಂದೇ ಸುದ್ದಿ ಅನ್ನೋ ಥರ ಬರೆದ್ವು, 1986ರಲ್ಲಿ ಮೆಥನಾಲ್ ಬೆರೆತ ವೈನ್ ಕುಡಿದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತಿದ್ದ ದೇಶ ಅದು, ಹಾಗಾಗಿ ಜನ ಹೆದರಿದ್ದು ಸಹಜ. ಆದ್ರೆ ಬ್ರುನೆಲ್ಲೊ ವಿಷಯದಲ್ಲಿ ಕುಡಿದೋರ ಆರೋಗ್ಯಕ್ಕೆ ಏನೂ ಅಪಾಯ ಇರ್ಲಿಲ್ಲ. ಸಾಂಜೊವೇಸೆ ಅನ್ನೋ ದ್ರಾಕ್ಷಿ ಮಾತ್ರ ಇರ್ಬೇಕಾದ ಕಡೆ ಮೆರ್ಲೋ ಥರದ್ದು ಏನೋ ಸೇರಿದೆ ಅನ್ನೋದಷ್ಟೇ ಆರೋಪ. ಅದಕ್ಕೆ ಇಷ್ಟು ದೊಡ್ಡ ಗಲಾಟೆ ಬೇಕಿತ್ತಾ ಅಂತ ಕೇಳೋರು ಆಗಲೂ ಇದ್ರು ಈಗಲೂ ಇದಾರೆ. ಬೇಕಿತ್ತು ಅಂತ ನಾನಂತೀನಿ, ಆದ್ರೆ ಸಾಮಾನ್ಯವಾಗಿ ಹೇಳೋ ಕಾರಣಕ್ಕಲ್ಲ.

ಮೊಂತಾಲ್ಚಿನೊ ಅನ್ನೋದು ಟಸ್ಕನಿಯಲ್ಲಿ ಸಿಯೆನಾದಿಂದ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್ ದೂರದ ಬೆಟ್ಟದ ಊರು, ಊರು ಇರೋದು 560 ಮೀಟರ್ ಚಿಲ್ಲರೆ ಎತ್ತರದಲ್ಲಿ. ಸುತ್ತ ತಗ್ಗಿನಲ್ಲಿ ಓರ್ಚಾ, ಓಂಬ್ರೋನೆ, ಆಸ್ಸೊ ನದಿಗಳು. ದಕ್ಷಿಣಕ್ಕೆ 1738 ಮೀಟರ್‌ನ ಅಮಿಯಾತಾ ಪರ್ವತ ನಿಂತಿದೆ, ಆ ಕಡೆಯಿಂದ ಬರೋ ಬಿರುಗಾಳಿ ಆಲಿಕಲ್ಲು ಮಳೆನ ಅದು ಒಂದಷ್ಟು ತಡೆಯುತ್ತೆ. ಉತ್ತರಕ್ಕಿರೋ ಕಿಯಾಂಟಿ ಅನ್ನೋ ವೈನ್ ಸೀಮೆಗಿಂತ ಇಲ್ಲಿ ಬಿಸಿಲು ಜಾಸ್ತಿ ಮಳೆ ಕಮ್ಮಿ, ಆದ್ರೆ ಇಡೀ ತಾಲೂಕು ಒಂದೇ ಥರ ಇಲ್ಲ. ಮೇಲಿನ ಇಳಿಜಾರಲ್ಲಿ ಗಾಲೆಸ್ತ್ರೊ ಅಂತ ಅಲ್ಲಿನೋರು ಕರೆಯೋ ಪುಡಿ ಪುಡಿ ಆಗೋ ಕಲ್ಲು ಮಣ್ಣು, ರಾತ್ರಿ ತಂಪು. ಕೆಳಗೆ ಹೋದ ಹಾಗೆ ಹಲವು ಕಡೆ ಜಿಗುಟು ಮಣ್ಣು, ಸೆಕೆ. ಈ ಮೇಲು ಕೆಳಗಿನ ವ್ಯತ್ಯಾಸನ ನೆನಪಲ್ಲಿ ಇಟ್ಕೊಳ್ಳಿ, ಪ್ರಕರಣದ ಬೇರು ಇಲ್ಲೇ ಇದೆ.

ಹತ್ತೊಂಬತ್ತನೇ ಶತಮಾನದಲ್ಲಿ ಟಸ್ಕನಿಯ ಕೆಂಪು ವೈನ್ ಅಂದ್ರೆ ಮಿಶ್ರಣನೇ. ಬೆತ್ತಿನೊ ರಿಕಾಸೊಲಿ, ಇಟಲಿಯ ಪ್ರಧಾನಿ ಆಗಿದ್ದೋರು, ಕಿಯಾಂಟಿಗೆ ಅಂತ ಒಂದು ಸೂತ್ರ ಬರೆದ್ರು, ಸಾಂಜೊವೇಸೆ ಮುಖ್ಯ, ಜೊತೆಗೆ ಕನಾಯೊಲೊ, ಬೇಗ ಕುಡಿಯೋ ವೈನ್ ಆದ್ರೆ ಸ್ವಲ್ಪ ಮಾಲ್ವಾಸಿಯಾ ಅನ್ನೋ ಬಿಳಿ ದ್ರಾಕ್ಷಿನೂ ಸೇರಿಸ್ಬಹುದು ಅಂತ. ಮೊಂತಾಲ್ಚಿನೊದಲ್ಲಿ ಕ್ಲೆಮೆಂತೆ ಸಾಂತಿ ಅನ್ನೋ ವೈನ್ ತಯಾರಕರ ಮೊಮ್ಮಗ ಫೆರ್ರುಚ್ಚೊ ಬಿಯೊಂದಿ ಸಾಂತಿ ಇದಕ್ಕೆ ಉಲ್ಟಾ ಹೋದ್ರು. ಬೇರೆ ಯಾವ ದ್ರಾಕ್ಷಿನೂ ಬೇಡ, ಅಲ್ಲಿನ ಜನ ಬ್ರುನೆಲ್ಲೊ ಅಂತ ಕರೀತಿದ್ದ ಸಾಂಜೊವೇಸೆ ಒಂದೇ ಸಾಕು, ದೊಡ್ಡ ಓಕ್ ಪೀಪಾಯಿಲಿ ವರ್ಷಗಟ್ಟಲೆ ಇಡೋಣ, ಬೇಗ ಮಾರೋ ಆತುರ ಬೇಡ ಅಂತ. 1888ರ ಕೊಯ್ಲಿನ ಬಾಟಲಿಗಳು ಆ ಮನೆತನದ ನೆಲಮಾಳಿಗೆಲಿ ಇಪ್ಪತ್ತನೇ ಶತಮಾನದ ಕೊನೆವರೆಗೂ ಇದ್ವು. ತುಂಬಾ ವರ್ಷ ಈ ಥರ ಮಾಡೋರು ಅವರೊಂದು ಮನೆತನ ಬಿಟ್ರೆ ಬೆರಳೆಣಿಕೆ ಜನ, 1960ರ ದಶಕದಲ್ಲೂ ಬ್ರುನೆಲ್ಲೊ ತೋಟ ನೂರು ಹೆಕ್ಟೇರ್ ಮುಟ್ಟಿರ್ಲಿಲ್ಲ, ಊರು ಬಡ ಊರು, ಜನ ಕೆಲಸ ಹುಡುಕಿಕೊಂಡು ಹೊರಗೆ ಹೋಗ್ತಿದ್ರು.

1963ರಲ್ಲಿ ಇಟಲಿ ವೈನ್ ಹೆಸರುಗಳಿಗೆ ಡಿಒಸಿ ಕಾನೂನು ತಂತು, ಅಂದ್ರೆ ಒಂದು ಊರಿನ ಹೆಸರನ್ನ ಯಾವ ವೈನಿಗೆ ಹಾಕ್ಬಹುದು ಅಂತ ಹೇಳೋ ಕಾನೂನು. 1966ರಲ್ಲಿ ಬ್ರುನೆಲ್ಲೊಗೆ ಡಿಒಸಿ ಸಿಕ್ತು, 1967ರಲ್ಲಿ ಬೆಳೆಗಾರರ ಒಕ್ಕೂಟ, ಅವರ ಮಾತಲ್ಲಿ ಕೊನ್ಸೋರ್ಜಿಯೊ, ಶುರುವಾಯ್ತು. 1980ರಲ್ಲಿ ಡಿಒಸಿಜಿ, ಅಂದ್ರೆ ಎಲ್ಲಕ್ಕಿಂತ ಮೇಲಿನ ದರ್ಜೆ, ಅದನ್ನ ಪಡೆದ ಮೊದಲ ಕೆಲವೇ ವೈನ್‌ಗಳಲ್ಲಿ ಇದೂ ಒಂದು. ಪ್ರತಿ ಹೆಸರಿಗೂ ಒಂದು ನಿಯಮಾವಳಿ ಇರುತ್ತೆ, ದಿಶಿಪ್ಲಿನಾರೆ ಅಂತಾರೆ, ಅದು ಕಾನೂನು, ಮೀರಿದ್ರೆ ವಂಚನೆ ಕೇಸು.

ಬ್ರುನೆಲ್ಲೊದ ದಿಶಿಪ್ಲಿನಾರೆ ಓದೋಕೆ ಸಣ್ಣದು ಆದ್ರೆ ಬಿಗಿ. ಸಾಂಜೊವೇಸೆ ನೂರಕ್ಕೆ ನೂರು. ದ್ರಾಕ್ಷಿ ಮೊಂತಾಲ್ಚಿನೊ ವ್ಯಾಪ್ತಿ ಒಳಗೇ ಬೆಳೀಬೇಕು, ಬಾಟಲಿಗೆ ತುಂಬೋದೂ ಅಲ್ಲೇ. ಹೆಕ್ಟೇರಿಗೆ 8 ಟನ್ ಮೀರೋ ಹಾಗಿಲ್ಲ, ಎಕರೆ ಲೆಕ್ಕದಲ್ಲಿ ಮೂರು ಟನ್ ಚಿಲ್ಲರೆ, ನಮ್ಮ ವಿಜಯಪುರದ ಕಡೆ ದ್ರಾಕ್ಷಿ ಬೆಳೆಯೋರಿಗೆ ಇದೊಂದು ಬೆಳೆನಾ ಅನ್ಸ್ಬಹುದು, ಆದ್ರೆ ಬಳ್ಳಿ ಮೇಲೆ ಹೊರೆ ಕಮ್ಮಿ ಇದ್ರೆ ರಸ ಗಟ್ಟಿ ಬರುತ್ತೆ ಅನ್ನೋ ಲೆಕ್ಕ ಅದು. ಕಮ್ಮಿ ಅಂದ್ರೂ ಎರಡು ವರ್ಷ ಓಕ್ ಪೀಪಾಯಿಲಿ, ಆಮೇಲೆ ನಾಲ್ಕು ತಿಂಗಳು ಬಾಟಲಿಲಿ, ಮತ್ತೆ ಎಲ್ಲಕ್ಕಿಂತ ಕಷ್ಟದ್ದು, ಕೊಯ್ಲಾದ ಮೇಲೆ ಐದನೇ ವರ್ಷದ ಜನವರಿ 1ರವರೆಗೆ ಮಾರೋ ಹಾಗಿಲ್ಲ. ರಿಸೆರ್ವಾ ಅಂತ ಹಾಕ್ಬೇಕಂದ್ರೆ ಇನ್ನೂ ಒಂದು ವರ್ಷ. ಓಕ್‌ನಲ್ಲಿ ಇಡೋ ಅವಧಿ ಮೊದಲು ಇನ್ನೂ ಜಾಸ್ತಿ ಇತ್ತು, 1990ರ ದಶಕದಲ್ಲಿ ಇಳಿಸಿದ್ರು. ಅಂದ್ರೆ ನಿಯಮ ಬದಲಾಗೋದೇ ಇಲ್ಲ ಅಂತೇನಿಲ್ಲ, ಬೆಳೆಗಾರರು ಕೂತು ಮಾತಾಡಿ ಬದಲಾಯಿಸ್ತಾರೆ. ಬದಲಾಗದೆ ಉಳಿದಿದ್ದು ದ್ರಾಕ್ಷಿಯ ಸಾಲು ಒಂದೇ.

ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ದುಡ್ಡು ಕೈಗೆ ಬರಲ್ಲ ಅಂದ್ರೆ ಸಣ್ಣ ರೈತ ಬದುಕೋದು ಹೆಂಗೆ? ಅದಕ್ಕೇ 1983ರಲ್ಲಿ ರೊಸ್ಸೊ ದಿ ಮೊಂತಾಲ್ಚಿನೊ ಅನ್ನೋ ಇನ್ನೊಂದು ಹೆಸರು ಮಾಡಿದ್ರು. ಅದೇ ಊರು, ಅದೇ ದ್ರಾಕ್ಷಿ, ಅದೂ ನೂರಕ್ಕೆ ನೂರು, ಆದ್ರೆ ಮುಂದಿನ ವರ್ಷ ಸೆಪ್ಟೆಂಬರಿಗೇ ಮಾರ್ಬಹುದು. ಬ್ರುನೆಲ್ಲೊಗೆ ಅಂತ ಬೆಳೆದಿದ್ದನ್ನೂ ಬೇಕಾದ್ರೆ ರೊಸ್ಸೊಗೆ ಇಳಿಸ್ಬಹುದು. ತುಂಬಾ ಜಾಣ ವ್ಯವಸ್ಥೆ ಇದು, ವರ್ಷ ಚೆನ್ನಾಗಿಲ್ಲದಿದ್ರೆ ಹೆಸರು ಕೆಡಿಸ್ಕೊಳ್ಳೋ ಬದಲು ದರ್ಜೆ ಇಳಿಸಿ ಬದುಕ್ಬಹುದು, ಎಷ್ಟೋ ಸಣ್ಣ ತೋಟದವರು ಇವತ್ತಿಗೂ ಸಂಬಳ ಕೊಡೋದು ಗೊಬ್ಬರ ತರೋದು ರೊಸ್ಸೊ ದುಡ್ಡಲ್ಲೇ.

ಇನ್ನು ಸಾಂಜೊವೇಸೆ ಸ್ವಭಾವ. ತಡವಾಗಿ ಹಣ್ಣಾಗುತ್ತೆ, ಹುಳಿ ಜಾಸ್ತಿ, ಒಗರು ಜಾಸ್ತಿ, ಬಣ್ಣ ಮಾತ್ರ ತೆಳು, ಮಾಣಿಕ್ಯದ ಕೆಂಪು ಇದ್ದಿದ್ದು ವರ್ಷ ಕಳೆದ ಹಾಗೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತೆ. ನೆಲ ಒಪ್ಪದಿದ್ರೆ ಒಂದೋ ಹುಳಿ ನೀರು, ಇಲ್ಲ ಬೆಂದ ಹಣ್ಣಿನ ವಾಸನೆ. ಮೆರ್ಲೋ, ಕೆಬರ್ನೆ ಸೊವಿನ್ಯೋನ್ ಹಂಗಲ್ಲ, ಸುಮಾರು ಕಡೆ ಒಗ್ಗಿಕೊಳ್ತವೆ, ಬಣ್ಣ ಗಾಢ, ಮೆರ್ಲೋ ಅಂತೂ ಬಾಯಿಗೆ ಮೆತ್ತಗೆ. ಸಾಂಜೊವೇಸೆಗೆ ಅದನ್ನ ಸ್ವಲ್ಪ ಸೇರಿಸಿದ್ರೂ ಬಣ್ಣ ಏರುತ್ತೆ, ಒಗರು ಇಳಿಯುತ್ತೆ, ಮೊದಲ ಸಲ ಕುಡಿಯೋರಿಗೂ ಇಷ್ಟ ಆಗುತ್ತೆ. ಅದರಲ್ಲೇನೂ ಪಾಪ ಇಲ್ಲ, ಕಿಯಾಂಟಿ ಕ್ಲಾಸಿಕೊದಲ್ಲಿ ಸಾಂಜೊವೇಸೆ 80% ಇದ್ರೆ ಸಾಕು, ಪಕ್ಕದ ವೀನೊ ನೋಬಿಲೆ ಅನ್ನೋ ವೈನಲ್ಲಿ 70%, ಅಲ್ಲೂ ಒಳ್ಳೊಳ್ಳೆ ವೈನ್ ಬರುತ್ತೆ. (ಅಂದಹಾಗೆ ನಮ್ಮ ಕೊಪ್ಪಳ ಜಿಲ್ಲೆಲಿ ಹಂಪಿ ಕಡೆಯ ಕ್ರಿಸ್ಮಾ ಎಸ್ಟೇಟ್‌ನವರೂ ಸಾಂಜೊವೇಸೆ ಬೆಳೀತಾರೆ, ಈ ದ್ರಾಕ್ಷಿಯ ರುಚಿ ಹೇಗಿರುತ್ತೆ ಅಂತ ತಿಳ್ಕೊಳ್ಳೋಕೆ ಇಟಲಿಗೇ ಹೋಗ್ಬೇಕಂತಿಲ್ಲ.)

ಈಗ ಪ್ರಕರಣದ ನಿಜವಾದ ಕಾರಣಕ್ಕೆ ಬರ್ತೀನಿ. 1978ರಲ್ಲಿ ಅಮೆರಿಕದಿಂದ ಮರಿಯಾನಿ ಸಹೋದರರು ಬಂದು ಮೊಂತಾಲ್ಚಿನೊದಲ್ಲಿ ಸಾವಿರಾರು ಎಕರೆ ಕೊಂಡು ಬಾನ್ಫಿ ಎಸ್ಟೇಟ್ ಕಟ್ಟಿದ್ರು, ಎತ್ಸಿಯೊ ರಿವೆಲ್ಲಾ ಅನ್ನೋ ಹೆಸರಾಂತ ವೈನ್ ತಜ್ಞರು ಅದರ ಹಿಂದಿನ ಬುದ್ಧಿ, ಅವರಿಂದ ಬ್ರುನೆಲ್ಲೊ ಹೆಸರು ಅಮೆರಿಕದ ಮನೆ ಮನೆಗೆ ಹೋಯ್ತು ಅನ್ನೋದನ್ನ ಯಾರೂ ಅಲ್ಲಗಳೆಯಲ್ಲ. ಬೇರೆ ದೊಡ್ಡ ಮನೆತನಗಳೂ ಬಂದ್ವು. ಬೆಲೆ ಏರ್ತು, ತೋಟ ಹರಡ್ತು, ನೂರಕ್ಕಿಂತ ಕಮ್ಮಿ ಇದ್ದ ಹೆಕ್ಟೇರ್ ಎರಡು ಸಾವಿರದ ಹತ್ರ ಬಂತು. ಆದ್ರೆ ಬೆಟ್ಟ ಬೆಳೆಯಲ್ಲ. ಮೇಲಿನ ಒಳ್ಳೆ ಇಳಿಜಾರು ಇರೋದು ಇಷ್ಟೇ, ಹಾಗಾಗಿ ಹೊಸ ಬಳ್ಳಿ ಇಳಿದಿದ್ದು ಕೆಳಗಿನ ಜಿಗುಟು ಮಣ್ಣಿಗೆ, ಮುಂಚೆ ಗೋಧಿ ಬೆಳೀತಿದ್ದ ಹೊಲಗಳಿಗೆ. ದಿಶಿಪ್ಲಿನಾರೆ ಅದನ್ನ ತಡೀಲಿಲ್ಲ, ಯಾಕಂದ್ರೆ ಅದು ಗೆರೆ ಎಳೆದಿದ್ದು ಊರಿನ ಆಡಳಿತದ ಗಡಿಗೆ, ಮಣ್ಣಿಗಲ್ಲ. ದ್ರಾಕ್ಷಿ ವಿಷಯದಲ್ಲಿ ಅಷ್ಟು ಬಿಗಿ ಇದ್ದ ನಿಯಮ ನೆಲದ ವಿಷಯದಲ್ಲಿ ಇಷ್ಟು ಸಡಿಲ. ಸಾಂಜೊವೇಸೆ ಒಲ್ಲದ ನೆಲದಲ್ಲಿ ಸಾಂಜೊವೇಸೆ ಒಂದನ್ನೇ ಹಾಕು ಅಂದ್ರೆ ಆಸೆ ಹುಟ್ಟದೆ ಇರುತ್ತಾ? ಜೊತೆಗೆ 1990ರ ದಶಕದ ರುಚಿ ಬೇರೆ, ಗಾಢ ಬಣ್ಣ, ಸಣ್ಣ ಹೊಸ ಓಕ್ ಪೀಪಾಯಿಯ ವೆನಿಲ್ಲಾ ವಾಸನೆ, ಅಂಥ ವೈನಿಗೇ ವೈನ್ ವಿಮರ್ಶಕರು ಜಾಸ್ತಿ ಪಾಯಿಂಟು ಕೊಡ್ತಿದ್ರು. ಪಾಯಿಂಟು ಬಂದ್ರೆ ಅಮೆರಿಕದಲ್ಲಿ ಮಾರಾಟ.

ಬೇರೆ ದ್ರಾಕ್ಷಿ ಹಾಕೋ ಆಸೆ ಇದ್ದೋರಿಗೆ ಕಾನೂನಿನ ದಾರಿ ಇರ್ಲಿಲ್ಲ ಅಂತಲೂ ಅಲ್ಲ. 1996ರಲ್ಲಿ ಅದೇ ಊರಿಗೆ ಸಾಂತ್ ಆಂತಿಮೊ ಅನ್ನೋ ಡಿಒಸಿ ಬಂತು, ಅದರಲ್ಲಿ ಮೆರ್ಲೋ, ಕೆಬರ್ನೆ ಎಲ್ಲಾ ಹಾಕ್ಬಹುದು. ಇಡೀ ಟಸ್ಕನಿಗೆ ಇರೋ ಐಜಿಟಿ ತೊಸ್ಕಾನಾ ಅನ್ನೋ ಕೆಳಗಿನ ದರ್ಜೆ ಇನ್ನೂ ಸಡಿಲ. ಬೆರೆಸಿದ ವೈನಿಗೆ ಜಾಗ ಇತ್ತು, ಹೆಸರೂ ಇತ್ತು. ಬ್ರುನೆಲ್ಲೊ ಅನ್ನೋ ಹೆಸರಿನ ಬೆಲೆ ಮಾತ್ರ ಅದಕ್ಕೆ ಸಿಗ್ತಿರ್ಲಿಲ್ಲ.

2003ರ ಬೇಸಿಗೆ ಯುರೋಪಿಗೆ ಭಯಂಕರ ಬಿಸಿ. ದ್ರಾಕ್ಷಿ ಬಳ್ಳಿಲೇ ಒಣಗ್ತು, ಸಾಂಜೊವೇಸೆಗೆ ಕಷ್ಟದ ವರ್ಷ. ನಿಯಮದ ಪ್ರಕಾರ ಆ ವರ್ಷದ ಬ್ರುನೆಲ್ಲೊ ಮಾರ್ಕೆಟಿಗೆ ಬರೋದು 2008ರ ಜನವರಿಲಿ, ತನಿಖೆ ಬಯಲಾಗಿದ್ದೂ ಅದೇ ವರ್ಷ. ತೋಟಗಳನ್ನ ಪರಿಶೀಲಿಸಿದಾಗ ಬ್ರುನೆಲ್ಲೊ ಅಂತ ನೋಂದಾಯಿಸಿದ ಜಾಗದಲ್ಲಿ ಬೇರೆ ತಳಿ ಬಳ್ಳಿ ಇರೋದು ಒಂದು ಎಳೆ, ವೈನರಿ ಲೆಕ್ಕದ ಪುಸ್ತಕ ಇನ್ನೊಂದು, ಲ್ಯಾಬ್ ಮೂರನೇದು.

ಲ್ಯಾಬ್ ವಿಷಯ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಡಿಎನ್ಎ ಟೆಸ್ಟ್ ಮಾಡಿದ್ರೆ ಆಯ್ತಲ್ಲ ಅಂತ ಎಲ್ಲರೂ ಕೇಳ್ತಾರೆ. ಹಣ್ಣಿನ ಡಿಎನ್ಎ ಹುದುಗು ಬಂದು ವರ್ಷಗಟ್ಟಲೆ ಪೀಪಾಯಿಲಿ ಕೂತ ಮೇಲೆ ಚೂರು ಚೂರಾಗಿರುತ್ತೆ, ನಂಬೋ ಹಾಗೆ ಸಿಗೋದು ಕಷ್ಟ. ಬದಲಿಗೆ ನೋಡೋದು ಸಿಪ್ಪೆಯಿಂದ ಬರೋ ಬಣ್ಣದ ವಸ್ತುಗಳನ್ನ, ಆಂಥೋಸಯಾನಿನ್ ಅಂತಾರೆ. ಇದರಲ್ಲಿ ಅಸೈಲೇಟೆಡ್ ಅನ್ನೋ ಒಂದು ಗುಂಪಿದೆ, ಮೆರ್ಲೋ ಕೆಬರ್ನೆ ಸಿಪ್ಪೆಲಿ ಧಾರಾಳ, ಸಾಂಜೊವೇಸೆಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಹಾಗಾಗಿ ಎಳೆ ವೈನಲ್ಲಿ ಆ ಗುಂಪು ಕಾಣಿಸ್ತು ಅಂದ್ರೆ ಬೇರೆ ದ್ರಾಕ್ಷಿ ಬಿದ್ದಿದೆ ಅಂತಲೇ ಅರ್ಥ. ತೊಂದರೆ ಏನಂದ್ರೆ ವೈನ್ ಹಳೇದಾದಷ್ಟು ಈ ಬಣ್ಣಗಳು ಒಡೆದು ಬೇರೆ ರೂಪಕ್ಕೆ ಹೋಗ್ತವೆ, ನಾಲ್ಕು ವರ್ಷ ಕಾದು ಬರೋ ಬ್ರುನೆಲ್ಲೊದಲ್ಲಿ ಸ್ವಲ್ಪ ಪ್ರಮಾಣದ ಮಿಶ್ರಣನ ಬಾಟಲಿಯಿಂದಷ್ಟೇ ಸಾಬೀತು ಮಾಡೋದು ತುಂಬಾ ಕಷ್ಟ. ವೈನಿಗೆ ಘನತೆ ಕೊಡೋ ಆ ದೀರ್ಘ ಕಾಯುವಿಕೆನೇ ತಪ್ಪು ಮಾಡಿದೋರ ಸಾಕ್ಷಿನ ಅಳಿಸಿಹಾಕುತ್ತೆ. ಹಾಗಾಗಿ ಪರೀಕ್ಷೆ ನಡೀಬೇಕಾಗಿದ್ದು ಮೊದಲ ವರ್ಷ, ತೊಟ್ಟಿಯಲ್ಲಿ, ಅದಕ್ಕೂ ಮುಂಚೆ ತೋಟದಲ್ಲಿ. ಆ ಕೆಲಸ ಆಗ ಮುಖ್ಯವಾಗಿ ಯಾರ ಕೈಲಿತ್ತು ಅಂದ್ರೆ ಬೆಳೆಗಾರರದ್ದೇ ಕೊನ್ಸೋರ್ಜಿಯೊ ಕೈಲಿ. ತಮ್ಮ ಸದಸ್ಯರನ್ನ ತಾವೇ ತಪಾಸಣೆ ಮಾಡೋದು, ಅದರಲ್ಲೂ ಅತಿ ಹೆಚ್ಚು ಶುಲ್ಕ ಕಟ್ಟೋ ದೊಡ್ಡ ಸದಸ್ಯರನ್ನ. ಸೋತಿದ್ದು ಇಲ್ಲಿ ಅಂತ ನನ್ನ ಅಭಿಪ್ರಾಯ, ದ್ರಾಕ್ಷಿಯ ನಿಯಮ ಅಲ್ಲ.

ಆಮೇಲೆ ಅಮೆರಿಕ ಬಾಗಿಲು ಹಾಕ್ತೀನಿ ಅಂತು. ರಫ್ತಾಗೋ ಬ್ರುನೆಲ್ಲೊಗೆ ಅದೇ ಅತಿ ದೊಡ್ಡ ಗಿರಾಕಿ. 2008ರ ಜೂನ್‌ನಿಂದ ಪ್ರತಿ ಆಮದಿಗೂ ಇದು ನೂರಕ್ಕೆ ನೂರು ಸಾಂಜೊವೇಸೆ ಅನ್ನೋ ದಾಖಲೆ ಬೇಕು ಅಂತ ಅಲ್ಲಿನ ಮದ್ಯ ನಿಯಂತ್ರಣ ಇಲಾಖೆ ಹೇಳ್ತು. ಯಾವ ತಪ್ಪೂ ಮಾಡದ ಎರಡು ಮೂರು ಹೆಕ್ಟೇರಿನ ರೈತನೂ ಲ್ಯಾಬ್ ರಿಪೋರ್ಟಿಗೆ ಓಡಾಡ್ಬೇಕಾಯ್ತು, ಹೆಚ್ಚುಕಮ್ಮಿ ಐದು ವರ್ಷ ಕಾದು ಇನ್ನೇನು ದುಡ್ಡು ಬರುತ್ತೆ ಅನ್ನೋ ಹೊತ್ತಿಗೆ. ಆಗಷ್ಟೇ ಕೃಷಿ ಸಚಿವರಾಗಿದ್ದ ಲೂಕಾ ಜಾಯಾ ಅಮೆರಿಕದವರ ಜೊತೆ ಮಾತಾಡಿ, ಸರ್ಕಾರನೇ ಖಾತರಿ ಪತ್ರ ಕೊಡೋ ವ್ಯವಸ್ಥೆ ಮಾಡಿದ್ರು.

ಒಳಗಿನ ಜಗಳ ಇನ್ನೂ ದೊಡ್ಡದು. ನಿಯಮನೇ ಬದಲಾಯಿಸೋಣ, ಸ್ವಲ್ಪ ಬೇರೆ ದ್ರಾಕ್ಷಿಗೆ ಅವಕಾಶ ಕೊಟ್ರೆ ಈ ಕಳ್ಳತನದ ಮಾತೇ ಇರಲ್ಲ ಅನ್ನೋ ಗುಂಪು ಒಂದು. 2008ರ ಅಕ್ಟೋಬರ್ 3ಕ್ಕೆ ಸಿಯೆನಾದಲ್ಲಿ ಬಹಿರಂಗ ಚರ್ಚೆ ನಡೀತು. ಬದಲಾವಣೆ ಪರ ಎತ್ಸಿಯೊ ರಿವೆಲ್ಲಾ, ವಿತ್ತೋರಿಯೊ ಫಿಯೊರೆ, ಇಬ್ಬರೂ ದೊಡ್ಡ ವೈನ್ ತಜ್ಞರು. ವಿರುದ್ಧ ಪತ್ರಕರ್ತ ಫ್ರಾಂಕೊ ಝಿಲಿಯಾನಿ, ಮತ್ತೆ ಬರೋಲೊ ಕಡೆಯಿಂದ ಬಂದ ತೆಯೊಬಾಲ್ದೊ ಕಪ್ಪೆಲ್ಲಾನೊ ಅನ್ನೋ ಬೆಳೆಗಾರರು. ಅವರು ಟಸ್ಕನಿಯೋರೇ ಅಲ್ಲ, ಅಲ್ಲಿಂದ ದೂರದ ಪಿಯೆಮೊಂತೆಯೋರು, ಆದ್ರೆ ಬರೋಲೊನೂ ಒಂದೇ ದ್ರಾಕ್ಷಿ ವೈನು, ನೆಬ್ಬಿಯೋಲೊ, ಇಲ್ಲಿ ಬಾಗಿಲು ತೆಗೆದ್ರೆ ನಾಳೆ ಅಲ್ಲಿಗೂ ಬರುತ್ತೆ ಅನ್ನೋದು ಗೊತ್ತಿದ್ದೇ ಬಂದಿದ್ರು ಅನ್ಸುತ್ತೆ. ಕಪ್ಪೆಲ್ಲಾನೊ ಮುಂದಿನ ವರ್ಷ ಶುರುವಲ್ಲೇ ತೀರಿಕೊಂಡ್ರು.

ಬದಲಾವಣೆ ಕೇಳಿದೋರ ವಾದದಲ್ಲಿ ಸತ್ಯ ಇರ್ಲಿಲ್ಲ ಅಂತ ನಾನು ಹೇಳಲ್ಲ. ಎರಡು ಸಾವಿರ ಹೆಕ್ಟೇರಲ್ಲಿ ಎಲ್ಲಾ ಕಡೆನೂ ಸಾಂಜೊವೇಸೆ ಒಂಟಿಯಾಗಿ ಚೆನ್ನಾಗಿ ಬರಲ್ಲ ಅನ್ನೋದು ನಿಜ. ಆದ್ರೆ ಬೆರೆಸೋಕೆ ಬಿಟ್ರೆ ಲಾಭ ಯಾರಿಗೆ ಅಂತ ನೋಡಿ. ಮೇಲಿನ ಒಳ್ಳೆ ಇಳಿಜಾರಲ್ಲಿ ತೋಟ ಇರೋನಿಗೆ ಮೆರ್ಲೋ ಬೇಕಾಗಿಲ್ಲ, ಅವನ ಆಸ್ತಿನೇ ಆ ಜಾಗ, ಆ ಜಾಗದ ಗುಣ ಬಾಟಲಿಲಿ ಕಾಣ್ಬೇಕಂದ್ರೆ ದ್ರಾಕ್ಷಿ ಒಂದೇ ಇರ್ಬೇಕು. ಬೇಕಾಗೋದು ಕೆಳಗಿನ ನೆಲದಲ್ಲಿ ಲೆಕ್ಕ ತಪ್ಪಿ ನೆಟ್ಟೋನಿಗೆ. ಅವನ ತಪ್ಪಿಗೆ ಎಲ್ಲರ ನಿಯಮ ಯಾಕೆ ಬದಲಾಗ್ಬೇಕು, ಅವನಿಗೆ ಸಾಂತ್ ಆಂತಿಮೊ ಇದೆ, ತೊಸ್ಕಾನಾ ಇದೆ, ಬೇಡ ಅಂದ್ರೆ ರೊಸ್ಸೊ ಇದೆ.

ಅಕ್ಟೋಬರ್ 27ಕ್ಕೆ ಕೊನ್ಸೋರ್ಜಿಯೊ ಸಭೆ ಸೇರಿ ಮತ ಹಾಕ್ತು. ಅಲ್ಲಿ ಒಬ್ಬರಿಗೆ ಒಂದು ಮತ ಅಲ್ಲ, ಜಾಸ್ತಿ ಉತ್ಪಾದನೆ ಇದ್ದೋರಿಗೆ ಜಾಸ್ತಿ ಮತ. ಹಂಗಿದ್ದೂ 96% ಮತ ಬಿದ್ದಿದ್ದು ಸಾಂಜೊವೇಸೆ ನೂರಕ್ಕೆ ನೂರೇ ಇರಲಿ ಅಂತ. ಅಂದ್ರೆ ಸಣ್ಣವರಷ್ಟೇ ಅಲ್ಲ, ದೊಡ್ಡವರಲ್ಲೂ ಬಹುಪಾಲು ಜನ ಆ ಕಡೆನೇ ಹಾಕಿರ್ಲೇಬೇಕು, ಅಮೆರಿಕ ಕೊಟ್ಟ ಏಟು ಅಷ್ಟು ಬಲವಾಗಿತ್ತು ಅಂತ ಕಾಣುತ್ತೆ.

ಕಾನೂನು ಕ್ರಮ ಮುಂದಿನ ವರ್ಷಕ್ಕೂ ಎಳೀತು. ಸೀಲ್ ಆಗಿದ್ದು ಲಕ್ಷಾಂತರ ಲೀಟರ್. ಅದರಲ್ಲಿ ಹೆಚ್ಚಿನದು ಪರೀಕ್ಷೆ ಆಗಿ ಬ್ರುನೆಲ್ಲೊ ಅಂತಲೇ ಬಿಡುಗಡೆ ಆಯ್ತು, ಒಂದು ಭಾಗನ ಐಜಿಟಿ ತೊಸ್ಕಾನಾಕ್ಕೆ ಇಳಿಸಿ ಕಮ್ಮಿ ರೇಟಿಗೆ ಮಾರಿದ್ರು, ಕೆಲವರು ಶಿಕ್ಷೆ ಬಗ್ಗೆ ಒಪ್ಪಂದ ಮಾಡ್ಕೊಂಡು ಕೇಸ್ ಮುಗಿಸಿದ್ರು. ತನಿಖೆಗೆ ಒಳಗಾದ ಎಲ್ಲರೂ ತಪ್ಪು ಮಾಡಿದ್ರು ಅಂತ ಹೇಳೋಕಾಗಲ್ಲ. ತಪಾಸಣೆ ಕೊನ್ಸೋರ್ಜಿಯೊ ಕೈಬಿಟ್ಟು ಹೊರಗಿನ ಸಂಸ್ಥೆಗೆ ಹೋಯ್ತು, ಅದೇ ಹೊತ್ತಿಗೆ ಯುರೋಪಿನ ಹೊಸ ವೈನ್ ಕಾಯ್ದೆನೂ ಎಲ್ಲಾ ಹೆಸರುಗಳಿಗೂ ಸ್ವತಂತ್ರ ತಪಾಸಣೆ ಬೇಕು ಅಂತು. ಇಡೀ ಪ್ರಕರಣದಲ್ಲಿ ನಿಜವಾಗಿ ಸುಧಾರಣೆ ಅಂತ ಆಗಿದ್ದು ಇದೊಂದು.

2010ರಲ್ಲಿ ಎತ್ಸಿಯೊ ರಿವೆಲ್ಲಾ ಅವರೇ ಕೊನ್ಸೋರ್ಜಿಯೊ ಅಧ್ಯಕ್ಷರಾದ್ರು. ಬ್ರುನೆಲ್ಲೊನ ಮುಟ್ಟೋಕಾಗಲ್ಲ ಅಂತ ಆಗಿತ್ತಲ್ಲ, ಈ ಸಲ ಮಾತು ಬಂದಿದ್ದು ರೊಸ್ಸೊ ಬಗ್ಗೆ, ಅದರಲ್ಲಾದ್ರೂ 15% ವರೆಗೆ ಬೇರೆ ದ್ರಾಕ್ಷಿ ಬಿಡೋಣ ಅಂತ. ಕೇಳೋಕೆ ಸಣ್ಣ ವಿಷಯ, ಕಮ್ಮಿ ಬೆಲೆ ವೈನು, ಹೋಗ್ಲಿ ಬಿಡಿ ಅನ್ನೋ ಹಾಗೆ. ಆದ್ರೆ ಬ್ರುನೆಲ್ಲೊ ರೊಸ್ಸೊ ಎರಡೂ ಒಂದೇ ತೋಟದಿಂದ ಒಂದೇ ನೆಲಮಾಳಿಗೆಗೆ ಬರೋ ವೈನು. ಒಂದಕ್ಕೆ ಮೆರ್ಲೋ ಬಿಟ್ರೆ ಅದೇ ನೆಲಮಾಳಿಗೆಲಿ ಕಾನೂನು ಪ್ರಕಾರವೇ ಮೆರ್ಲೋ ತೊಟ್ಟಿ ಇರುತ್ತೆ, ಪಕ್ಕದ ತೊಟ್ಟಿಗೆ ಹೋಗಿಲ್ಲ ಅಂತ ತಪಾಸಣೆ ಮಾಡೋದು ಯಾರು, ಮೇಲೆ ಹೇಳಿದ ಲ್ಯಾಬಿನ ಕಷ್ಟ ಇರೋವಾಗ? ಸಣ್ಣ ಬೆಳೆಗಾರರು, ಹೊರದೇಶದ ವೈನ್ ಬರಹಗಾರರು ಎಲ್ಲಾ ಸೇರಿ ವಿರೋಧ ಮಾಡಿದ್ರು. 2011ರ ಸೆಪ್ಟೆಂಬರ್ 7ಕ್ಕೆ ಮತ ಹಾಕಿದಾಗ ಪ್ರಸ್ತಾಪ ದೊಡ್ಡ ಅಂತರದಲ್ಲೇ ಬಿದ್ದುಹೋಯ್ತು. ರೊಸ್ಸೊನೂ ನೂರಕ್ಕೆ ನೂರು ಸಾಂಜೊವೇಸೆ ಆಗೇ ಉಳೀತು.

ಉಳಿದಿರೋ ಕೆಲಸ ನೆಲದ್ದು. ಬ್ರುನೆಲ್ಲೊ ಲೇಬಲ್ ಮೇಲೆ ಇದು ಮೇಲಿನ ಇಳಿಜಾರಿಂದು, ಇದು ದಕ್ಷಿಣದ ಸಾಂತಾಂಜೆಲೊ ಕಡೆಯದು, ಇದು ಉತ್ತರದ ತೊರ್ರೆನಿಯೇರಿ ಕಡೆಯದು ಅಂತ ಅಧಿಕೃತವಾಗಿ ಹೇಳೋ ಉಪವಲಯದ ಪದ್ಧತಿ ಬರ್ಲಿಲ್ಲ, ಬರೋಲೊದಲ್ಲಿ ಅಂಥದ್ದು 2010ರಲ್ಲೇ ಬಂತು. ಕೆಳಗಿನ ನೆಲದ ಯಜಮಾನರಿಗೆ ಅದು ಹಿಡಿಸಲ್ಲ ಅನ್ನೋದು ಅರ್ಥ ಆಗುತ್ತೆ, ಗೆರೆ ಎಳೆದ ದಿನವೇ ಅವರ ಹೆಕ್ಟೇರಿನ ಬೆಲೆ ಇಳಿಯುತ್ತೆ, ಆದ್ರೂ ದ್ರಾಕ್ಷಿ ವಿಷಯದಲ್ಲಿ ಎರಡು ಸಲ ಅಷ್ಟು ಗಟ್ಟಿಯಾಗಿ ನಿಂತ ಅದೇ ಜನ ಮಣ್ಣಿನ ವಿಷಯನೂ ಒಂದು ಸಲ ಮತಕ್ಕೆ ಹಾಕ್ಬೇಕು ಅಂತ ನಾನು ಬಯಸ್ತೀನಿ, ಯಾಕಂದ್ರೆ 2008ರಲ್ಲಿ ಮೆರ್ಲೋನ ಒಳಗೆ ಕರೆದಿದ್ದೇ ಆ ಗೆರೆ ಇಲ್ಲದ ನಕ್ಷೆ.